ಸೋಮವಾರ ಎಂಟಕ್ಕೆ ಬಂದು ಒಯ್ಯತಕ್ಕದ್ದು

ಲಿಹಿಯಾ ಟೀಚರ್ ಭಾಗಾಕಾರದ ಶೇಷವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ನಾಲ್ಕನೆಯ ತರಗತಿಯ ಹಿಂದಿನ ಬೆಂಚಿನಿಂದ ಹುಂಜ ಕೂಗಿತು. ಅವರು ಕೂಡಲೇ ತಿರುಗಿ ನೋಡಲಿಲ್ಲ. ಹಿಂದಿನ ಶುಕ್ರವಾರವೂ ಕೂಗಿತ್ತು, ಅದರ ಹಿಂದಿನ ಶುಕ್ರವಾರವೂ ಕೂಗಿತ್ತು. ಶೇಷ ಬರೆದು ಮುಗಿಸಿ, ಕೈಗಂಟಿದ ಸೀಮೆಸುಣ್ಣ ಕೊಡವಿಕೊಂಡು, ಆಮೇಲೆ ಹೇಳಿದರು.

"ಯುದೆಲ್ಕಾ, ಬ್ಯಾಗು ತಗೊಂಡು ಬಾಮ್ಮ."

ಹುಡುಗಿ ಎದ್ದು ಬಂದಳು. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಬಿಗಿಯಾಗಿ ಹೆಣೆದ ಜಡೆಗಳು, ಇಂಥ ಸಾಧು ಮಗು ಸಿಬಾವೊ ಸೀಮೆಯಲ್ಲೇ ಇಲ್ಲವೆನ್ನುವಂಥ ಮುಖ. ಬ್ಯಾಗಿನ ಜಿಪ್ಪಿನ ಸಂದಿಯಿಂದ ಕತ್ತು ಹೊರಗೆ ಹಾಕಿದ್ದ ಹುಂಜ ಮಾತ್ರ ತರಗತಿಯನ್ನು ತಪಾಸಣೆಗೆ ಬಂದ ಅಧಿಕಾರಿಯ ಹಾಗೆ ಒಂದು ಸುತ್ತು ನೋಡಿತು. ದಾಲ್ಚಿನ್ನಿ ಬಣ್ಣದ ಕಾಳಗದ ಹುಂಜ ಅದು. ಬಣ್ಣದಿಂದಲೇ ಅದಕ್ಕೆ ಕನೇಲೊ ಎಂದು ಹೆಸರು. ಜುಟ್ಟು ಕತ್ತರಿಸಿ, ತೊಡೆಯ ಗರಿ ಬೋಳಿಸಿ, ಅದರ ಒಡೆಯ ಸಿರಿಲೊ ಅದನ್ನು ಅಖಾಡಕ್ಕೆ ತಯಾರು ಮಾಡಿದ್ದ. ಸಿರಿಲೊ ಯುದೆಲ್ಕಾಳ ಅಪ್ಪ.

ಹುಂಜವನ್ನು ವಶಪಡಿಸಿಕೊಳ್ಳುವ ಹಕ್ಕು ಟೀಚರಿಗೆ ಇತ್ತು. ಹೋದ ವರ್ಷ ಪಾಲ್ಮಾ ರಾಲಾ ಊರಿನ ತಂದೆತಾಯಿಗಳನ್ನೆಲ್ಲ ಕೂರಿಸಿಕೊಂಡು ಆ ನಿಯಮ ಮಾಡಿಸಿದವರು ಅವರೇ. ಪಾಠಕ್ಕೆ ಅಡ್ಡಿಯಾಗುವ ಯಾವ ವಸ್ತುವನ್ನಾದರೂ ಶಿಕ್ಷಕರು ತೆಗೆದಿಟ್ಟುಕೊಳ್ಳಬಹುದು, ಅದು ಹಕ್ಕು. ತೆಗೆದುಕೊಂಡ ಸ್ಥಿತಿಯಲ್ಲೇ ಕಾಪಾಡಬೇಕು, ಅದು ಹೊಣೆ. ಶುಕ್ರವಾರ ಸಿಕ್ಕಿದ್ದನ್ನು ಪೋಷಕರೇ ಸೋಮವಾರ ಎಂಟಕ್ಕೆ ಬಂದು ಒಯ್ಯತಕ್ಕದ್ದು. ಬಾರದಿದ್ದರೆ ಅದು ಶಾಲೆಯ ಸ್ವತ್ತು. ಸೋಮವಾರ ಏಕೆಂದರೆ, ಶುಕ್ರವಾರ ಸಂಜೆ ಅಪ್ಪಂದಿರು ಮೂಲೆಯಂಗಡಿಯ ಬಿಯರಿನ ಮೂಲಕ ಹಾದು ಶಾಲೆಗೆ ಬರುತ್ತಿದ್ದರು, ಬಂದವರು ತಮ್ಮ ಮಗನ ಮೊಬೈಲಿನ ಜೊತೆ ದೇಶದ ಆಡಳಿತವನ್ನೂ ವಿಚಾರಿಸಿಕೊಳ್ಳುತ್ತಿದ್ದರು. ಸಭೆಯಲ್ಲಿ ಎಲ್ಲರೂ ಕೈ ಎತ್ತಿದ್ದರು. ಮೊಬೈಲು, ಬುಗುರಿ, ಕವಣೆ, ಎಲ್ಲದರ ಬಗ್ಗೆಯೂ ಚರ್ಚೆಯಾಗಿತ್ತು. ಜೀವ ಇರುವ ವಸ್ತುವಿನ ಬಗ್ಗೆ ಯಾರಿಗೂ ಹೊಳೆದಿರಲಿಲ್ಲ.

ಹಾಗಾಗಿ ಮೊದಲ ಶುಕ್ರವಾರ ಲಿಹಿಯಾ ಟೀಚರ್ ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋಗಿದ್ದರು. ಅವರ ತಾಯಿ ಚೆಯಾ ಅದನ್ನು ನೋಡಿದ ನೋಟದಲ್ಲಿ ಈರುಳ್ಳಿ, ಕೊತ್ತಂಬರಿ, ಮರಗೆಣಸು ಎಲ್ಲ ಇದ್ದವು. ತೆಗೆದುಕೊಂಡ ಸ್ಥಿತಿಯಲ್ಲೇ ಕಾಪಾಡಬೇಕು ಎಂಬ ನಿಯಮವನ್ನು ಮಗಳು ಬಿಡಿಸಿ ಹೇಳಿದ ಮೇಲೆ ಮುದುಕಿ ನಿಟ್ಟುಸಿರಿಟ್ಟು ಪಾತ್ರೆಯನ್ನು ಮತ್ತೆ ಮೇಲೆ ಇಟ್ಟಿತು. ಎರಡನೆಯ ವಾರ ಅದೇ ಮುದುಕಿ ಬಾಳೆಕಾಯಿ ಬೇಯಿಸಿ ಬೆಣ್ಣೆ ಹಾಕಿ ನುರಿದು ಹುಂಜಕ್ಕೆ ತಿನ್ನಿಸಿತು. ಹುರಿದ ಚೀಸಿನ ಚೂರನ್ನು ತನ್ನ ತಟ್ಟೆಯಿಂದಲೇ ಕೊಟ್ಟಿತು. ಭಾನುವಾರ ಬೆಳಿಗ್ಗೆ ಅದರ ಹತ್ತಿರ ಕುರ್ಚಿ ಹಾಕಿಕೊಂಡು ತನ್ನ ಮಂಡಿನೋವಿನ ವಿಷಯ ಹೇಳುತ್ತಿತ್ತು. ಆ ಸೋಮವಾರ ಸಿರಿಲೊ ಟೊಪ್ಪಿ ತೆಗೆದು, ತಲೆ ತಗ್ಗಿಸಿ, ಕ್ಷಮೆ ಕೇಳಿ ಹುಂಜವನ್ನು ಅಂಗೈ ಮೇಲೆ ತೂಗಿ ನೋಡಿದ. ಸ್ವಲ್ಪ ಭಾರ ಆಗಿದಾನೆ ಅಂತ ಮೆಲ್ಲಗೆ ಹೇಳಿದ. ತಮ್ಮದೇ ನಿಯಮ ಮುರಿದ ನಾಚಿಕೆಯಿಂದ ಟೀಚರ ಕಿವಿ ಕೆಂಪಾಯಿತು. ಅವನು ಮಾತ್ರ ಅದನ್ನು ದೂರಿನಂತೆ ಹೇಳಿರಲಿಲ್ಲ.

ಈಗ ಮೂರನೆಯ ಸಲ. ಮಧ್ಯಾಹ್ನ ಮಕ್ಕಳು ಅನ್ನ, ಹುರುಳಿಕಾಳು ಉಣ್ಣುತ್ತಿದ್ದಾಗ ಮುಖ್ಯೋಪಾಧ್ಯಾಯಿನಿ ಎರ್ಸಿಲಿಯಾ ಕರೆಸಿದರು. ಇದು ಶಾಲೆಯೋ ಛತ್ರವೋ ಎಂದು ಕೇಳಿದರು. ಹುಡುಗಿ ನಿಮ್ಮ ನಿಯಮವನ್ನೇ ಹಗ್ಗ ಮಾಡಿ ನಿಮಗೇ ಕಟ್ಟಿದ್ದಾಳೆ, ಇವತ್ತೇ ಅಪ್ಪನನ್ನು ಕರೆಸಿ ಹುಂಜ ಕೊಟ್ಟು ಕೈ ತೊಳೆದುಕೊಳ್ಳಿ, ಇಲ್ಲದಿದ್ದರೆ ಇನ್ನು ನಾಲ್ಕನೆಯ ತರಗತಿಯಲ್ಲಿ ನಿಮ್ಮ ಮಾತು ಯಾರು ಕೇಳುತ್ತಾರೆ ಎಂದರು. ಆ ಮಾತು ಟೀಚರಿಗೆ ನಾಟಿತು. ಇಪ್ಪತ್ತು ವರ್ಷದಿಂದ ಒಂದು ಮಗುವಿನ ಮೇಲೂ ಕೈ ಮಾಡದೆ, ದನಿ ಏರಿಸದೆ ತರಗತಿ ನಡೆಸಿದ್ದರೆ ಅದು ಆಡಿದ ಮಾತಿಗೆ ನಿಲ್ಲುವ ಒಂದೇ ಬಲದಿಂದ.

ಅವರು ಯುದೆಲ್ಕಾಳನ್ನು ಅಡುಗೆಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಅಡುಗೆಯವಳು ಹೇಳದೆಯೇ ಹುಂಜಕ್ಕೆ ಒಂದು ಬಟ್ಟಲು ನೀರಿಟ್ಟಿದ್ದಳು.

"ಯಾಕಮ್ಮ ತರ್ತೀಯ ಇದನ್ನ?"

ಹುಡುಗಿ ಬೂಟಿನ ತುದಿ ನೋಡಿದಳು. "ನಿಮ್ಮ ಹತ್ರ ಇದ್ರೆ ಭಾನುವಾರ ಅಖಾಡಕ್ಕೆ ಹೋಗಲ್ಲ ಟೀಚರ್. ತಗೊಂಡ ಸ್ಥಿತೀಲೇ ವಾಪಸ್ ಕೊಡ್ತೀರ. ಅಖಾಡದೋರು ಹಾಗೆ ಕೊಡಲ್ಲ."

ಅಪ್ಪನಿಗೆ ಬೇಡವೆಂದು ಹೇಳಿದೆಯಾ ಎಂದು ಕೇಳಿದರು. ಹೇಳಿದೆ, ಅಪ್ಪ ಮಾತು ಕೊಟ್ಟುಬಿಟ್ಟಿದ್ದಾರಂತೆ ಎಂದಳು ಹುಡುಗಿ. ಅದರ ಅರ್ಥ ಟೀಚರಿಗೂ ಗೊತ್ತಿತ್ತು. ಅಖಾಡದಲ್ಲಿ ಕಾಗದವಿಲ್ಲ, ಸಾಕ್ಷಿಯಿಲ್ಲ. ಆಚೆ ಬದಿಯಿಂದ ಒಬ್ಬ ಬೆರಳೆತ್ತಿ ಕೂಗಿದರೆ ಈಚೆ ಬದಿಯವನು ತಲೆಯಾಡಿಸಿದರೆ ಮುಗಿಯಿತು. ಹೆಂಡತಿಗೆ ಕೊಟ್ಟ ಮಾತು ತಪ್ಪಿದವರು ಊರಲ್ಲಿ ಬೇಕಾದಷ್ಟಿದ್ದರು. ಅಖಾಡದ ಮಾತು ತಪ್ಪಿದವನು ಒಬ್ಬನೂ ಇರಲಿಲ್ಲ.

"ಶಾಲೆಗೆ ಯಾರ ಜೊತೆ ಬರ್ತೀಯ?" ಅವರು ಸುಮ್ಮನೆ ಕೇಳಿದರು.

"ಅಪ್ಪನ ಬೈಕಲ್ಲಿ. ಬ್ಯಾಗು ಮಧ್ಯ ಇರುತ್ತೆ."

ಪಾಪ, ಆ ಮನುಷ್ಯ ಅದೆಂಥ ಮಂಕೋ, ಬೆನ್ನಿಗೆ ಒತ್ತಿಕೊಂಡ ಬ್ಯಾಗಿನಲ್ಲಿ ಹುಂಜ ಒದ್ದಾಡುವುದು ಮೂರು ವಾರದಿಂದ ತಿಳಿದಿಲ್ಲವಲ್ಲ ಎಂದುಕೊಂಡರು ಟೀಚರ್.

ಸಂಜೆ ನಾಲ್ಕಕ್ಕೆ ಮಕ್ಕಳು ಹೊರಟ ಹೊತ್ತಿಗೆ ಗೇಟಿನ ಮುಂದೆ ಸಿರಿಲೊನ ಬೈಕು ಬಂದು ನಿಂತಿತು, ಅದರ ಹಿಂದೆಯೇ ಅಖಾಡದ ಯಜಮಾನ ಫೌಸ್ತೊನ ಟ್ರಕ್ಕು. ಟ್ರಕ್ಕಿನ ಹಿಂಬದಿಯಲ್ಲಿ ನಾಲ್ಕೈದು ಜನ ಗಂಡಸರು, ಪಂಜರಗಳು. ಭಾನುವಾರದ ಹುಂಜಗಳನ್ನು ತೂಕಕ್ಕೆ ಒಯ್ಯುತ್ತಿದ್ದರು. ಎರಡು ವಾರ ಸಿರಿಲೊ ಟೀಚರ ಹೆಸರು ಹೇಳಿ ಬರಿಗೈಲಿ ಬಂದಿದ್ದನಂತೆ. ಮೂರನೆಯ ವಾರವೂ ಅದೇ ಕಥೆ ಹೇಳಿದಾಗ, ನಡಿ, ಕಣ್ಣಾರೆ ನೋಡಿಯೇ ಬರೋಣ ಎಂದು ಎಲ್ಲರೂ ಹೊರಟು ಬಂದಿದ್ದರು.

ಲಿಹಿಯಾ ಟೀಚರ್ ಹುಂಜವನ್ನು ಎದೆಗವಚಿಕೊಂಡು ಗೇಟಿಗೆ ಬಂದರು. ಕೊಟ್ಟುಬಿಡುವುದೆಂದು ಅರ್ಧ ಮನಸ್ಸು ಮಾಡಿದ್ದರು. ಹುಂಜ ಅವನದು, ಮಾತು ಅವನದು. ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಯುದೆಲ್ಕಾ ನಿಂತಿದ್ದಾಳೆಂದು ತಿರುಗದೆಯೇ ಅವರಿಗೆ ಗೊತ್ತಿತ್ತು.

ಸಿರಿಲೊ ಟೊಪ್ಪಿ ತೆಗೆದ. ಆಮೇಲೆ, ಎಂದೂ ದನಿ ಎತ್ತದ ಆ ಮನುಷ್ಯ ಟ್ರಕ್ಕಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಶುರು ಮಾಡಿದ.

"ನೋಡಿ ಟೀಚರಮ್ಮ, ನನ್ ಹುಂಜ ನಂಗೆ ಈಗ್ಲೇ ಬೇಕು. ಇದು ಅನ್ಯಾಯ. ಅದೇನ್ ಮೊಬೈಲಾ, ಕಿತ್ತಿಟ್ಕೊಳ್ಳಕ್ಕೆ?"

ಹೇಳುತ್ತಲೇ ಅವನು ಗೇಟಿನ ಸರಳುಗಳಿಗೆ ಒತ್ತಿಕೊಂಡು ನಿಂತ. ಬೆನ್ನು ಟ್ರಕ್ಕಿನ ಕಡೆ ಇತ್ತು. ಟೊಪ್ಪಿಯ ಮರೆಯಲ್ಲಿ ಅವನ ಎಡಗೈ ಸರಳಿನ ಸಂದಿಯಿಂದ ಒಳಗೆ ಬಂತು. ಟೀಚರ ಕೈಗೆ ಏನೋ ಭಾರವಾದದ್ದು ಸಿಕ್ಕಿತು. ಬಟ್ಟೆಯ ಚೀಲ. ಒಳಗೆ ಮುರುಕು ಜೋಳ, ಒಂದು ಹುಂಜಕ್ಕೆ ಸೋಮವಾರದವರೆಗೂ ಸಾಲುವಷ್ಟು.

ಅವರು ಚೀಲ ನೋಡಿದರು, ಅವನ ಮುಖ ನೋಡಿದರು. ಬಾಯಿ ಜಗಳವಾಡುತ್ತಿತ್ತು, ಕಣ್ಣು ಕೈಮುಗಿಯುತ್ತಿತ್ತು. ಮೂರು ವಾರದಿಂದ ಏನೂ ತಿಳಿಯದ ಮಂಕು ಯಾರು ಎಂಬುದು ಟೀಚರಿಗೆ ಆಗ ಅರ್ಥವಾಯಿತು. ಆಡಿದ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಬೇರೆ ಯಾರಾದರೂ ಅಡ್ಡ ನಿಂತರೆ ಮಾತ್ರ ಮಾತೂ ಉಳಿಯುತ್ತಿತ್ತು, ಹುಂಜವೂ ಉಳಿಯುತ್ತಿತ್ತು.

ಚೀಲವನ್ನು ಅವರು ಹುಂಜದ ರೆಕ್ಕೆಯ ಕೆಳಗೆ ಸೇರಿಸಿಕೊಂಡರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ದನಿ ಏರಿಸಿದರು.

"ಸಿರಿಲೊ, ಇದು ಶಾಲೆ. ಸೋಮವಾರ ಎಂಟಕ್ಕೆ ಬನ್ನಿ. ಇವತ್ತು ದೇಶದ ಅಧ್ಯಕ್ಷರೇ ಬಂದ್ರೂ ಕೊಡಲ್ಲ."

"ಅನ್ಯಾಯ," ಎಂದ ಸಿರಿಲೊ, ಉಸಿರು ಹಗುರವಾಗಿ.

"ಅನ್ಯಾಯ ಅನ್ನಿಸಿದ್ರೆ ಆ ಟ್ರಕ್ಕಲ್ಲಿ ಕೂತಿರೋ ಫೌಸ್ತೊನ್ನ ಕಳ್ಸಿ. ಅವನ ಜೊತೆ ಮಾತಾಡ್ತೀನಿ."

ಟ್ರಕ್ಕಿನಲ್ಲಿ ಫೌಸ್ತೊ ಬಿಯರ್ ಬಾಟಲಿಯನ್ನು ಕಾಲ ಸಂದಿಗೆ ಇಳಿಸಿದ. ಅವನೂ ಒಂದು ಕಾಲಕ್ಕೆ ಇದೇ ನಾಲ್ಕನೆಯ ತರಗತಿಯಲ್ಲಿ, ಇದೇ ಟೀಚರ ಕೈಕೆಳಗೆ ಕೂತವನು. ಈಗ ಹೊಟ್ಟೆ ಬಂದಿತ್ತು, ಮೀಸೆ ಬಂದಿತ್ತು, ಅಖಾಡ ಬಂದಿತ್ತು.

"ಬಾರೋ ಸಿರಿಲೊ, ಬಿಟ್ಬಿಡೋ," ಎಂದು ಅವನು ಕಿಟಕಿಯಿಂದ ಕರೆದ. "ಅವರು ಕೊಡಲ್ಲ. ನನ್ ಕವಣೆ ತಗೊಂಡಾಗ ನಮ್ಮಮ್ಮ ಬಂದು ಅತ್ರೂ ಕೊಡ್ಲಿಲ್ಲ." ಆಮೇಲೆ ಮೆಲ್ಲಗೆ, "ನಮಸ್ಕಾರ ಟೀಚರ್," ಎಂದ.

ಟ್ರಕ್ಕಿನಲ್ಲಿದ್ದವರು ನಕ್ಕರು. ಟೀಚರಿಗೆ ಹೆದರಿದವನೆಂದು ಸಿರಿಲೊನನ್ನು ಬೀದಿಯುದ್ದಕ್ಕೂ ಗೇಲಿ ಮಾಡಿದರು. ಅದರಲ್ಲಿ ಅವಮಾನವೇನೂ ಇರಲಿಲ್ಲ, ಏಕೆಂದರೆ ನಕ್ಕವರಲ್ಲಿ ಒಬ್ಬನೂ ಗೇಟಿನ ಹತ್ತಿರ ಬರಲಿಲ್ಲ.

ಮಗಳ ತಪ್ಪಿನ ಬಾಬ್ತು ಮಾತ್ರ ಉಳಿದಿತ್ತು. ತರಗತಿಗೆ ಹುಂಜ ತಂದದ್ದು ತಪ್ಪೇ ಎಂದು ಟೀಚರ್ ಸ್ಪಷ್ಟವಾಗಿ ಹೇಳಿದರು. ಸೋಮವಾರದಿಂದ ಒಂದು ತಿಂಗಳು ಹುಂಜ ಗಲೀಜು ಮಾಡಿದ ಜಾಗವನ್ನೆಲ್ಲ ಗುಡಿಸಬೇಕು ಎಂದರು. ಒಂದು ತಿಂಗಳು ಎಂದರೆ ಹುಂಜ ಇಲ್ಲೇ ಇರುತ್ತದೆಯೇ ಎಂದು ಹುಡುಗಿ ಕೇಳಿದಳು. ಅದು ನಿನ್ನಪ್ಪನ ಮೇಲಿದೆ ಎಂದರು ಟೀಚರ್. ಎರ್ಸಿಲಿಯಾ ಕಿಟಕಿಯಿಂದ ಎಲ್ಲ ನೋಡಿದ್ದರು. ಅಂದು ಹೋಗುವಾಗ ಹಳೆಯ ಒಂದು ರಟ್ಟಿನ ಪೆಟ್ಟಿಗೆಗೆ ಗಾಳಿಯಾಡಲು ತೂತು ಮಾಡಿ ಟೀಚರ ಮೇಜಿನ ಮೇಲಿಟ್ಟು ಹೋಗಿದ್ದರು.

ಸೋಮವಾರ ಸರಿಯಾಗಿ ಎಂಟಕ್ಕೆ ಮಕ್ಕಳು ಸಾಲಾಗಿ ನಿಂತರು. ಬಾವುಟ ಏರತೊಡಗಿತು, ರಾಷ್ಟ್ರಗೀತೆ ಮೊದಲಾಯಿತು. ಅದೇ ಕ್ಷಣಕ್ಕೆ, ಮಗಳನ್ನು ಮೊದಲೇ ಮೂಲೆಯಲ್ಲಿ ಇಳಿಸಿದ್ದ ಸಿರಿಲೊ ಶಾಲೆಯ ಮುಂದಿನ ರಸ್ತೆಯಲ್ಲಿ, ಆ ಕಡೆ ಎಲ್ಲೋ ನೋಡುತ್ತ, ಬೈಕಿನಲ್ಲಿ ಮೆಲ್ಲಗೆ ಹಾದುಹೋಗುತ್ತಿದ್ದ. ಗೀತೆ ಕೇಳಿದ ಮೇಲೆ ಯಾರೂ ಮುಂದೆ ಹೋಗುವ ಹಾಗಿಲ್ಲ. ಅವನು ಗೇಟಿನ ನೇರಕ್ಕೇ ಇಂಜಿನ್ ಆರಿಸಿ, ಇಳಿದು, ಟೊಪ್ಪಿ ಎದೆಗಿಟ್ಟು ನೆಟ್ಟಗೆ ನಿಂತ. ಗೇಟಿನ ಈಚೆ ಟೀಚರ್ ಅಷ್ಟೇ ನೆಟ್ಟಗೆ ನಿಂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು, ಮಾತಾಡುವಂತಿಲ್ಲದೆ, ಗೀತೆ ಮುಗಿಯುವವರೆಗೂ ನಿಂತರು. ನಡುವೆ ಅಡುಗೆಮನೆಯ ಹಿಂದಿನಿಂದ ಕನೇಲೊ ಕೂಗಿತು. ಸಾಲಿನಲ್ಲಿ ನಿಂತ ನೀಲಿ ಅಂಗಿಗಳ ಭುಜಗಳೆಲ್ಲ ಕುಲುಕಿದವು, ಒಂದು ಪಾದವೂ ಕದಲಲಿಲ್ಲ.

ಬಾವುಟ ತುದಿ ಮುಟ್ಟಿದ ಮೇಲೆ ಟೀಚರ್ ಗೇಟಿಗೆ ಬಂದರು. ಎಂಟು ಗಂಟೆ ಎಂದು ನೆನಪಿಸಿದರು.

"ಇವತ್ತು ಆಗಲ್ಲ ಟೀಚರಮ್ಮ. ಕೆಲ್ಸ ಇದೆ."

"ಬರೋ ಸೋಮವಾರ?"

"ಅವತ್ತೂ ಕೆಲ್ಸ." ಅವನು ಟೊಪ್ಪಿಯ ಅಂಚನ್ನು ಬೆರಳಲ್ಲಿ ತಿರುಗಿಸಿದ.

ಹಾಗಾದರೆ ಹುಂಜ ಶಾಲೆಯದಾಗುತ್ತದೆ, ಆಮೇಲೆ ಕೇಳುವಂತಿಲ್ಲ ಎಂದರು ಟೀಚರ್. ಅವನು ತಲೆಯಾಡಿಸಿದ. ಬೈಕಿನ ಹತ್ತಿರ ಹೋಗಿ, ಹತ್ತಿ, ಮತ್ತೆ ಇಳಿದು ಬಂದ. ಮರಿಯಿದ್ದಾಗಿನಿಂದ ಸಾಕಿದ್ದು, ಆಗೀಗ ಬಂದು ಒಂದು ಸಲ ನೋಡಿಕೊಂಡು ಹೋಗಬಹುದೇ ಎಂದು ಕೇಳಿದ.

ಲಿಹಿಯಾ ಟೀಚರ್ ಗೇಟಿನ ಚಿಲಕ ತೆಗೆದರು.

"ಪೋಷಕರು ಯಾವಾಗ ಬೇಕಾದ್ರೂ ಬಂದು ವಿಚಾರಿಸ್ಬಹುದು," ಎಂದರು. "ಈಗ್ಲೇ ಕೇಳಿದ್ರೆ ಹೇಳ್ತೀನಿ: ಊಟ ಚೆನ್ನಾಗಿ ಮಾಡ್ತಾನೆ. ಶಿಸ್ತು ಮಾತ್ರ ಏನೇನೂ ಇಲ್ಲ."