ಕದಿರಮ್ಮ ಇಳಿಯದ ನಿಲ್ದಾಣ

ಅಕ್ಷತ ಟಿಕೆಟ್ ಆರಿಸಿದ್ದು ಮೂವರಿಗೆ. ಅಪ್ಪ, ಅಮ್ಮ, ಜೊತೆಗೆ ತಾನು.

ಅಪ್ಪ ಚಿಕ್ಕಬೀರಪ್ಪ ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವರು. ವಿಜಯಪುರ, ದೊಡ್ಡಬಳ್ಳಾಪುರ, ಮಧುರೆ ಅಂತ ಅದದೇ ರಸ್ತೆಯಲ್ಲಿ ಆಯಸ್ಸು ಸವೆಸಿ ನಿವೃತ್ತರಾಗಿದ್ದರು. ಮನೆಯಲ್ಲಿ ಕೂತ ಮೇಲೆ ಟಿ.ವಿ.ಯಲ್ಲಿ ಹಿಮದ ಬೆಟ್ಟಗಳ ನಡುವೆ ಸಾಗುವ ರೈಲನ್ನು ನೋಡಿ, "ಸಾಯೋದ್ರೊಳಗೆ ಒಂದ್ಸಲ ಇದ್ರಲ್ಲಿ ಕೂರ್ಬೇಕು ಕಣಮ್ಮ" ಅಂದಿದ್ದರು. ಬೇರೇನನ್ನೂ ಕೇಳದ ಮನುಷ್ಯ. ಹೇಗಾದರೂ ಮಾಡಿ ಕರೆದುಕೊಂಡು ಹೋಗಲೇಬೇಕು ಅಂತ ಅಕ್ಷತ ಆಗಲೇ ತೀರ್ಮಾನಿಸಿದಳು.

ದೇವನಹಳ್ಳಿಯ ಕಾಲೇಜೊಂದರಲ್ಲಿ ಗುಮಾಸ್ತೆಯಾಗಿದ್ದ ಅವಳು ದಿನಾ ಕೆಲಸ ಮುಗಿಸಿ ಬಂದು ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದಳು. ಇಟಲಿ, ಸ್ವಿಟ್ಜರ್ಲೆಂಡ್, ಆಮೇಲೆ ಪ್ಯಾರಿಸ್. ಯಾವ ರೈಲು ಬೇಕಾದರೂ ಹತ್ತಬಹುದಾದ ಪಾಸ್ ಒಂದಿತ್ತು. ಅದರ ದರ ನೋಡಿ ಎದೆ ಧಸಕ್ಕೆಂದಿತ್ತು. ಬಿಡಿಬಿಡಿಯಾಗಿ ತಿಂಗಳುಗಳ ಮೊದಲೇ ಕೊಂಡರೆ ಅಗ್ಗ, ಆದರೆ ಅದೇ ದಿನ ಅದೇ ರೈಲನ್ನೇ ಹತ್ತಬೇಕು. ತಪ್ಪಿದರೆ ದುಡ್ಡು ವಾಪಸ್ಸಿಲ್ಲ. ಮಿಲಾನ್‌ನಿಂದ ಸ್ವಿಟ್ಜರ್ಲೆಂಡಿಗೆ ನೇರ ರೈಲಿತ್ತು. ಅದರ ಬದಲು ನಿಧಾನದ ರೈಲು ಹತ್ತಿ, ನಡುವೆ ಒಂದು ಸಣ್ಣ ಊರಲ್ಲಿ ಇಳಿದು ಇನ್ನೊಂದಕ್ಕೆ ಬದಲಾಯಿಸಿದರೆ ಅರ್ಧಕ್ಕರ್ಧ ಉಳಿಯುತ್ತಿತ್ತು.

"ಬದಲಾಯಿಸೋಕೆ ಟೈಮೇ ಇಲ್ವಲ್ಲ ಇದ್ರಲ್ಲಿ. ವಯಸ್ಸಾದೋರು. ನೇರ ರೈಲೇ ತಗೋ," ಅಂದಿದ್ದ ಗಂಡ ದೇವೇಂದ್ರ.

"ನಾನಿರ್ತೀನಲ್ರೀ," ಅಂತ ಅಕ್ಷತ ಅಗ್ಗದ್ದನ್ನೇ ಕೊಂಡಳು.

ಆಮೇಲೆ ಅವಳು ಬಸುರಿಯಾದಳು. ಮೂರನೇ ತಿಂಗಳಲ್ಲಿ ರಕ್ತ ಕಾಣಿಸಿಕೊಂಡಿತು. ಪ್ರಯಾಣದ ಮಾತೇ ಎತ್ತಬೇಡಿ ಅಂದರು ಡಾಕ್ಟರು. "ಹಂಗಾದ್ರೆ ನಾವೂ ಹೋಗಲ್ಲ ಬಿಡು" ಅಂತ ಅಪ್ಪ ಅಮ್ಮ ಪಟ್ಟು ಹಿಡಿದರು. ಅವಳೇ ಅತ್ತು ಕರೆದು ಒಪ್ಪಿಸಿದಳು. ಟಿಕೆಟ್ ಬದಲಾಯಿಸುವ ಹಾಗಿರಲಿಲ್ಲ. ಎಲ್ಲಿ ಇಳಿಯಬೇಕು, ಎಲ್ಲಿ ಹತ್ತಬೇಕು ಅಂತ ಅಪ್ಪನಿಗೆ ಮತ್ತೆ ಮತ್ತೆ ಹೇಳಿಕೊಟ್ಟಳು. ಅಲ್ಲಿನ ಸಿಮ್ ಒಂದನ್ನು ಅಪ್ಪನ ಫೋನಿಗೆ ಹಾಕಿಸಿದಳು. ಅಮ್ಮನಿಗೆ ಬೇರೆ ಯಾಕೆ, ಇಬ್ಬರೂ ಒಟ್ಟಿಗೇ ಇರ್ತಾರಲ್ಲ ಅಂದುಕೊಂಡಳು.

ರೈಲು ಬದಲಾಯಿಸಬೇಕಿದ್ದ ಆ ಸಣ್ಣ ಊರಿನಿಂದ ಅಪ್ಪನ ಫೋನ್ ಬಂದಾಗ ವಿಜಯಪುರದಲ್ಲಿ ರಾತ್ರಿಯಾಗಿತ್ತು. ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ದೇವೇಂದ್ರನ ರೇಷ್ಮೆ ಹುರಿ ಮಾಡುವ ಮಷಿನ್‌ಗಳು ಗುಂಯ್‌ಗುಡುತ್ತಿದ್ದವು. ಅಪ್ಪನ ಮಾತು ಒಂದೂ ಕೇಳಿಸಲಿಲ್ಲ.

"ಮಷಿನ್ ನಿಲ್ಸ್ರೀ!" ಅಂತ ಕಿರುಚಿದಳು. ಸದ್ದು ನಿಂತಿತು.

"ನಿಮ್ಮಮ್ಮ ಇಳೀಲಿಲ್ಲ ಕಣಮ್ಮ," ಅಂದರು ಅಪ್ಪ. "ರೈಲು ಹೊಂಟೋಯ್ತು."

ಚಿಕ್ಕಬೀರಪ್ಪ ಎರಡು ಸೂಟ್‌ಕೇಸ್ ಹಿಡಿದು ಮೊದಲು ಇಳಿದಿದ್ದರು. ಅಮ್ಮ ಕದಿರಮ್ಮ ಸೀಟಿನ ಕೆಳಗೆ ಉಳಿದ ಕೈಚೀಲ ತರಲು ತಿರುಗಿದ್ದಾರೆ. ಅಷ್ಟರಲ್ಲಿ ಬಾಗಿಲು ತಾನಾಗೇ ಮುಚ್ಚಿಕೊಂಡಿದೆ. "ಹೋಲ್ಡಾನ್, ಹೋಲ್ಡಾನ್ ಅಂತ ಬಾಗಿಲು ಬಡ್ದೆ ಕಣಮ್ಮ. ಒಳಗಿಂದ ಅವ್ಳೂ ಬಡೀತಿದ್ಲು. ನಿಲ್ಲಿಸ್ಲೇ ಇಲ್ಲ." ಒಂದು ಕಾಲಕ್ಕೆ ಇಡೀ ಬಸ್ಸಿಗೆ ಕೇಳುವಂತೆ ಗದರುತ್ತಿದ್ದ ಗಂಟಲು ಅದು. ಈಗ ಮಗುವಿನ ಹಾಗೆ ಬಿಕ್ಕುತ್ತಿತ್ತು.

ಅಮ್ಮನ ಬಳಿ ಫೋನಿಲ್ಲ. ಇಬ್ಬರ ಪಾಸ್‌ಪೋರ್ಟೂ ಅಪ್ಪನ ಸೊಂಟದ ಚೀಲದಲ್ಲಿ. ಅಪ್ಪನ ಬಿ.ಪಿ. ಮಾತ್ರೆ ಅಮ್ಮನ ಕೈಚೀಲದಲ್ಲಿ. ಅಮ್ಮನಿಗೆ ಕನ್ನಡ ಬಿಟ್ಟರೆ ತೆಲುಗು, ಅಷ್ಟೆ.

"ಅಲ್ಲಿ ಸ್ಟೇಷನ್ನೋರು ಯಾರೂ ಇಲ್ವಾ ಅಪ್ಪ?"

"ಕೌಂಟರ್ ಮುಚ್ಚೈತೆ. ಒಂದು ನರಪಿಳ್ಳೆ ಇಲ್ಲ." ಅಷ್ಟರಲ್ಲೇ, "ಆ ಕಡೆ ನಮ್ಮ ರೈಲು ಬಂತು ಕಣಮ್ಮ. ಹತ್ಲಾ?" ಅಂದರು.

"ಹತ್ಬೇಡಪ್ಪ! ನೀನೂ ಹೋದ್ರೆ ಅಮ್ಮ ಎಲ್ಲಿಗೆ ಬರ್ತಾಳೆ? ನಿಂತಿರೋ ಜಾಗದಿಂದ ಅಲ್ಲಾಡ್ಬೇಡ."

ಮೂರು ತಿಂಗಳು ಲೆಕ್ಕ ಹಾಕಿ ಹಾಕಿ ಕೊಂಡಿದ್ದ ಆ ರೈಲು ಬಾಗಿಲು ತೆರೆದು, ಮುಚ್ಚಿ, ಹೊರಟಿತು. ಅದು ದೂರವಾದದ್ದು ಅಕ್ಷತಳಿಗೆ ಫೋನಿನಲ್ಲೇ ಕೇಳಿಸಿತು.

ದೇವೇಂದ್ರನ ಫೋನಿನಿಂದ ಆ ದೇಶದ ರೈಲ್ವೆಯ ಸಹಾಯವಾಣಿಗೆ ಹಚ್ಚಿದಳು. ತಿಳಿಯದ ಭಾಷೆಯಲ್ಲಿ ಏನೋ ಹೇಳಿ, ಸಂಗೀತ ಶುರುವಾಯಿತು. ಮುಗಿದು ಮತ್ತೆ ಮೊದಲಿಂದ ಅದೇ ಸಂಗೀತ. ಅವಳು ಫೋನ್ ಹಿಡಿದು ಅತ್ತಿಂದಿತ್ತ ನಡೆಯತೊಡಗಿದಳು. "ಕೂತ್ಕೋ ಮೊದ್ಲು," ಅಂತ ದೇವೇಂದ್ರ ಭುಜ ಒತ್ತಿದರೂ ಅವಳು ಕೂರಲಿಲ್ಲ. ಗೊತ್ತಿಲ್ಲದ ಊರಲ್ಲಿ ಇಳಿದುಬಿಟ್ಟರೆ? ಯಾರಾದರೂ ಪಾಸ್‌ಪೋರ್ಟ್ ಕೇಳಿದರೆ? ಅಪ್ಪನಿಗೆ ಅಲ್ಲೇ ಎದೆನೋವು ಬಂದರೆ? ನೇರ ರೈಲಿಗೆ ಹೆಚ್ಚು ಕೊಡಬೇಕಿದ್ದ ದುಡ್ಡು ನೆನಪಾಗಿ ತನ್ನ ಮೇಲೇ ಅಸಹ್ಯವಾಯಿತು.

ಅಷ್ಟರಲ್ಲಿ ಅವಳ ಫೋನಿಗೆ ಎಲ್ಲಿಯದೋ ಉದ್ದನೆಯ ನಂಬರಿನಿಂದ ಕರೆ ಬಂತು. ದಿನಾ ಬರುವ ಮೋಸದ ಕರೆಗಳ ಅಭ್ಯಾಸದಲ್ಲಿ ಬೆರಳು ತಾನಾಗೇ ಕತ್ತರಿಸಿಬಿಟ್ಟಿತು. ಮರುಗಳಿಗೆಯೇ ಹೊಳೆಯಿತು. ವಾಪಸ್ ಹಚ್ಚಿದಳು. ಯಾರೋ ಹೆಂಗಸಿನ ರೆಕಾರ್ಡಾದ ದನಿ ಏನೋ ಹೇಳಿ ನಿಂತಿತು. ಮತ್ತೆ ಹಚ್ಚಿದಳು. ಮತ್ತೆ ಅದೇ.

"ಅಮ್ಮನ ಫೋನ್ ನಾನೇ ಕಟ್ ಮಾಡ್ಬಿಟ್ಟೆ ಕಣ್ರೀ," ಅಂತ ಗೋಡೆಗೊರಗಿ ಕುಸಿದಳು.

ಎಷ್ಟೋ ಹೊತ್ತಾದ ಮೇಲೆ ಅದೇ ನಂಬರ್ ಮತ್ತೆ ಬಂತು.

"ಅಕ್ಷೀ, ನಾನು ಕಣೇ. ಯಾಕೆ ಎತ್ತಲ್ಲ ನೀನು?"

ಅಕ್ಷತ ಬಿಕ್ಕಿ ಬಿಕ್ಕಿ ಅತ್ತಳು.

"ಅಳ್ಬೇಡ, ಹೊಟ್ಟೆಲಿರೋ ಮಗೀಗೆ ಆಗಲ್ಲ. ನಾನು ಎಲ್ಲೂ ಇಳೀಲಿಲ್ಲ. ಗೊತ್ತಿಲ್ದಿರೋ ಕಡೆ ಇಳಿದ್ರೆ ನಿಮ್ಮಪ್ಪ ನನ್ನ ಎಲ್ಲಿ ಅಂತ ಹುಡುಕ್ತಾರೆ? ಬಸ್ಸು ಕೊನೇ ಸ್ಟಾಪಿಗೆ ಹೋಗಿ ತಿರುಗ್ಲೇಬೇಕಲ್ವಾ, ಇದೂ ಹಂಗೇ ತಿರುಗ್ತದೆ ಅಂತ ಕೂತೇ ಇದ್ದೆ. ಎಲ್ಲಾ ಇಳಿದ್ರು. ರೈಲಿನ ಕಂಡಕ್ಟರಮ್ಮ ಬಂದ್ಲು. ನಿನ್ನ ನಂಬರ್ ಹೇಳ್ದೆ."

ಇಂಗ್ಲಿಷ್ ಬಾರದ ಕದಿರಮ್ಮನಿಗೆ ಮಗಳ ನಂಬರ್ ಮಾತ್ರ ನೈನ್, ಏಟ್ ಅಂತ ಇಂಗ್ಲಿಷಿನಲ್ಲೇ ಬಾಯಿಪಾಠ. ಮೊದಲು ಕರೆ ಹೋಗಲಿಲ್ಲವಂತೆ. "ಇಂಡಿಯಾ, ಇಂಡಿಯಾ" ಅಂತ ಎದೆ ಮುಟ್ಟಿಕೊಂಡು ಹೇಳಿದ ಮೇಲೆ ಆ ಹೆಂಗಸು ಮುಂದೆ ದೇಶದ ನಂಬರ್ ಸೇರಿಸಿದಳಂತೆ.

ಅಕ್ಷತ ಆ ಹೆಂಗಸಿನೊಡನೆ ಬಂದಷ್ಟು ಇಂಗ್ಲಿಷಿನಲ್ಲಿ ಮಾತಾಡಿದಳು. ಅದೇ ರೈಲು ಸ್ವಲ್ಪ ಹೊತ್ತಿಗೆ ಹಿಂದಿರುಗುತ್ತದೆ, ತಾನೇ ಅದರಲ್ಲಿ ಬರುತ್ತೇನೆ, ನಿಮ್ಮ ತಾಯಿಯನ್ನು ಕೈಯಾರೆ ಇಳಿಸುತ್ತೇನೆ ಅಂದಳು ಆಕೆ.

ಆ ಸ್ವಲ್ಪ ಹೊತ್ತು ಮುಗಿಯುವಂತೆಯೇ ಇರಲಿಲ್ಲ. ಅಪ್ಪನಿಗೆ ಫೋನ್ ಇಡಗೊಡದೆ ಅಕ್ಷತ ಅದೂ ಇದೂ ಮಾತಾಡಿಸುತ್ತಲೇ ಇದ್ದಳು. ಅವರ ಉತ್ತರ ಬರಬರುತ್ತ ಬರೀ "ಹ್ಞೂಂ" ಆಯಿತು, ಆಮೇಲೆ ಅದೂ ಇಲ್ಲ. "ಅಪ್ಪ, ಇದೀಯಾ?" ಅಂದಳು. ಉಸಿರು ಮಾತ್ರ ಕೇಳಿಸುತ್ತಿತ್ತು. ಕೊನೆಗೆ ರೈಲಿನ ಸದ್ದು, ಬಾಗಿಲಿನ ಸದ್ದು. ಆಮೇಲೆ ಅಮ್ಮನ ದನಿ: "ಮೊದ್ಲು ಈ ಮಾತ್ರೆ ನುಂಗ್ರೀ."

ಆ ದಿನ ಮುಂದಕ್ಕೆ ರೈಲಿರಲಿಲ್ಲ. ಅಕ್ಷತ ಅದೇ ಸಣ್ಣ ಊರಿನಲ್ಲಿ ಒಂದು ರೂಮು ಹುಡುಕಿಕೊಟ್ಟಳು. "ಸಾಕಮ್ಮ, ಯಾವ ಬೆಟ್ಟಾನೂ ಬೇಡ, ವಾಪಸ್ ಬಂದ್ಬಿಡ್ತೀವಿ," ಅಂದರು ಅಪ್ಪ. ಕದಿರಮ್ಮ ಒಪ್ಪಲಿಲ್ಲ. ಪ್ಯಾರಿಸ್ ಬಿಟ್ಟು ಸ್ವಿಟ್ಜರ್ಲೆಂಡ್ ಒಂದನ್ನಾದರೂ ನೋಡಿ ಬರುವುದೆಂದಾಯಿತು. ಈ ಸಲ ಅಕ್ಷತ ಎಲ್ಲೂ ಬದಲಾಯಿಸಬೇಕಿಲ್ಲದ ರೈಲನ್ನೇ ಆರಿಸಿದಳು.

ಮರುದಿನ ಅಮ್ಮ ರೈಲಿನಿಂದ ಫೋನ್ ಮಾಡಿದರು.

"ಹಿಮ ಕಾಣಿಸ್ತಿದೆಯಾ ಅಮ್ಮ?"

"ಎರಡೂ ಕಡೆ ಬೆಳ್ಳಗೈತೆ. ಆದ್ರೆ ನಿಮ್ಮಪ್ಪ ನೋಡಿದ್ರಲ್ವಾ? ಹತ್ತಿದಾಗಿಂದ ನನ್ನ ಕೈ ಬಿಟ್ಟಿಲ್ಲ. ಬಳೆ ಒತ್ತಿ ಮಣಿಕಟ್ಟು ಕೆಂಪಗಾಗೈತೆ. ಎದುರಿಗಿರೋರು ನಗ್ತಾವ್ರೆ. ನೀನಾದ್ರೂ ಹೇಳೇ."

"ಹಿಡ್ಕೊಂಡಿರ್ಲಿ ಬಿಡಮ್ಮ," ಅಂದಳು ಅಕ್ಷತ.