ಮುಟ್ಟಿದ ಮೇಲೆ ಹಾಡುವವನು

ಧೋಂಡಿಬಾನಿಗೆ ಸುಮ್ಮನೆ ನಿಲ್ಲುವುದೆಂದರೆ ಆಗದು. ತಲೆಯ ಮೇಲೆ ನವಿಲುಗರಿಯ ಎತ್ತರದ ಟೊಪ್ಪಿಗೆ, ಕಾಲಲ್ಲಿ ಗೆಜ್ಜೆ, ಕೈಯಲ್ಲಿ ಚಿಟಿಕೆ, ನಿಲುವಂಗಿಯ ಮೇಲೆ ಯಾರೋ ನಿವೃತ್ತ ಪೋಸ್ಟ್‌ಮನ್ ಕೊಟ್ಟ ಖಾಕಿ ಕೋಟು, ಇಷ್ಟು ಸಂಭ್ರಮ ಹೊತ್ತು ಮನೆಮನೆಗೆ ಹಾಡಿ ದಾನ ಬೇಡುವ ಆ ವಾಸುದೇವ ನಸುಕಿನಲ್ಲಿ ವಾಯಿ ಊರಿನ ನಮ್ಮ ಗಲ್ಲಿಗೆ ಬಂದನೆಂದರೆ, ಬಾಗಿಲು ತೆರೆಯುವವರೆಗೂ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಮೊರದ ಧಾನ್ಯ ಜೋಳಿಗೆಗೆ ಬಿದ್ದೊಡನೆ ಗಿರ್ರನೆ ಒಂದು ಸುತ್ತು, ಸಕಲ ದೇವತೆಗಳನ್ನೂ ಸಾಕ್ಷಿಗೆ ಕರೆದು 'ದಾನ ಮುಟ್ಟಿತು' ಎಂಬ ಮಂಗಲದ ಸಾಲು. ಹೆಂಗಸರಿಗೂ ಗಂಡಸರಿಗೂ ದಾರಿಗಡ್ಡ ಮಲಗಿದ ಎಮ್ಮೆಗೂ ಅವನದು ಒಂದೇ ಸಂಬೋಧನೆ: 'ಮಾವುಲಿ', ತಾಯೇ.

ಮುಟ್ಟದೆ ಮಾತ್ರ ಆ ಸಾಲು ಅವನ ಬಾಯಿಂದ ಹೊರಡದು. ಒಮ್ಮೆ ಮಹಡಿಯ ಆಪ್ಟೆ ವಕೀಲರು ಹಲ್ಲುಜ್ಜುತ್ತ, "ನಾಳೆ ಕೊಡ್ತೀನೋ, ಇವತ್ತ ಹಾಡು ಮುಗಿಸಿ ಹೋಗು" ಎಂದರು.

"ನಾಳೆ ಮುಟ್ಟಿದ್ದಕ್ಕ ನಾಳೆ ಹಾಡ್ತೀನ್ರಿ, ಮಾವುಲಿ" ಎಂದು ಇವನು ಅರ್ಧಕ್ಕೇ ಬಿಟ್ಟು ಮುಂದಿನ ಮನೆಗೆ ನಡೆದ. ವಕೀಲರು ನೊರೆಬಾಯಲ್ಲೇ ಬೈದರು. ಮರುದಿನ ತಾವೇ ಮೊರ ಹಿಡಿದು ಕೆಳಗಿಳಿದರು.

ಇಂಥವನಿಗೂ ಒಂದು ಆಸೆಯಿತ್ತು. ಲಾವಣಿ ಹಾಡುವ ಶಾಹೀರರ ಮೇಳಗಳ ಧ್ವನಿಮುದ್ರಿಕೆಗಳಲ್ಲಿ ಬಹುಕಾಲ ಹಿಂಸಾಲಿನಲ್ಲಿ ನಿಂತು ದನಿಗೂಡಿಸಿದವನು ಅವನು. ಅಷ್ಟು ಗಂಟಲುಗಳ ನಡುವೆ ಅವನದು ಯಾವುದೆಂದು ಹೆಂಡತಿ ಭಾಗೂಬಾಯಿಗೇ ತಿಳಿಯುತ್ತಿರಲಿಲ್ಲ. ಮಗ ಟೊಪ್ಪಿಗೆ ಬೇಡವೆಂದು ರಿಕ್ಷಾ ಓಡಿಸುವ ಕೆಲಸ ಹಿಡಿದಿದ್ದ. "ಒಂದ ಆಲ್ಬಮ್ ಆಗಬೇಕ್ರಿ, ನನ್ನೊಬ್ಬನ ದನಿದು. ನಾ ಹೋದ ಮ್ಯಾಲೂ ನಸುಕಿನ್ಯಾಗ ಕೇಳಬೇಕು" ಎಂದು ಮನೆಮನೆಯ ಮುಂದೆ ಹಾಡಿ ಕೇಳಿಕೊಂಡ. ಗಲ್ಲಿಯ ಹೆಂಗಸರು ಆ ತಿಂಗಳ ಚೀಟಿಯನ್ನು ಅವನ ಹೆಸರಿಗೇ ಎತ್ತಿಬಿಟ್ಟರು. ಮದುವೆ ವಿಡಿಯೊ ಮಾಡುವ ಸಾರಂಗ ತನ್ನ ಸ್ಟುಡಿಯೊವನ್ನು ಒಂದು ದಿನ ಬಿಟ್ಟುಕೊಟ್ಟ. ಮರುದಿನದಿಂದ ಲಗ್ನದ ಸುಗ್ಗಿ, ಮತ್ತೆ ಸಿಗುವ ಮಾತೇ ಇರಲಿಲ್ಲ.

ನಿಲ್ಲಲಾರದವನ ಕೋಟಿಗೆ ಸಾರಂಗ ಪುಟ್ಟ ಮೈಕು ಸಿಕ್ಕಿಸಿ ಕುಣಿಯಲು ಬಿಟ್ಟ. ಆಹಾ, ಏನು ದನಿ! ಆದರೆ ಪ್ರತಿ ಹಾಡೂ ಕೊನೆಯ ಸಾಲಿನ ಹೊಸ್ತಿಲಿಗೆ ಬಂದು ತಟಕ್ಕನೆ ನಿಂತುಬಿಡುತ್ತಿತ್ತು.

"ಕಡೀ ಸಾಲು ಎಲ್ಲಿ, ಕಾಕಾ?"

"ದಾನ ಎಲ್ಲಿ?"

"ಅಯ್ಯ, ಚೀಟಿ ರೊಕ್ಕ ಮುಟ್ಟಿಲ್ಲೇನು?"

"ಅದರ ಹಾಡು ಅವತ್ತ ಬಾಗಿಲದಾಗ ಹಾಡಿ ಮುಗಿಸೇನಿ. ಒಂದ ದಾನಕ್ಕ ಎರಡ ಸಲ ಮುಟ್ಟಿತು ಅಂದ್ರ, ಸಾಕ್ಷಿಗೆ ಬಂದ ದೇವರು ನಗಂಗಿಲ್ಲೇನೋ?"

ಹೊತ್ತು ಇಳಿಯುತ್ತಿತ್ತು. ಒಂದು ಹಾಡಿಗೂ ಕೊನೆಯಿಲ್ಲ. ಸಾರಂಗ ತಲೆಯ ಮೇಲೆ ಕೈಹೊತ್ತು ಕೂತ. ಆಗ ಮಹಡಿಯಿಂದ ಅವನ ಅಜ್ಜಿ ಯೇಸಾಬಾಯಿ ಮೊರದ ತುಂಬ ಜೋಳ ಹಿಡಿದು ದಡದಡನೆ ಇಳಿದಳು.

"ಮುದುಕನ ಜೀವ ಯಾಕ ಹಿಂಡತೀಯೋ ಕತ್ತೆ? ವಾಸುದೇವ ಬಂದಾಗ ಬಾಗಿಲಾ ಮುಚ್ಚಿಕೊಂಡು ಕೂಡತಾರೇನು? ತಗೀ!"

ಬಾಗಿಲು ತೆರೆಯಿತು. ಜೋಳ ಸುರಿಯಿತು. ಧೋಂಡಿಬಾ ಸುತ್ತಿದ ರಭಸಕ್ಕೆ ಟೊಪ್ಪಿಗೆಯ ಗರಿ ದೀಪಕ್ಕೆ ತಗುಲಿ, ದೀಪ ತೂಗಿ, ಮಂಗಲದ ಸಾಲು ಮಾಳಿಗೆ ಹಾರಿಹೋಗುವಂತೆ ಮೊಳಗಿತು. ಸುದ್ದಿ ಹಬ್ಬಲು ಎಷ್ಟು ಹೊತ್ತು? ಹಾಡಿಗೊಬ್ಬಳಂತೆ ಗಲ್ಲಿಯ ಹೆಂಗಸರು ಮೊರ ಹಿಡಿದು ಸಾಲುಗಟ್ಟಿದರು. ಅಕ್ಕಿ ತಂದ ನಾನೂ ಆ ಸಾಲಿನಲ್ಲಿ ನಿಂತೆ, ವಕೀಲರು ನನ್ನ ಹಿಂದೆ. ಕತ್ತಲಾಗುವುದರೊಳಗೆ ಹಾಡುಗಳೆಲ್ಲ ಮುಗಿದವು.

ಆಲ್ಬಮ್ಮಿನ ಮೇಲೆ ಅವನೊಬ್ಬನದೇ ಹೆಸರು, ಅವನೊಬ್ಬನದೇ ಚಿತ್ರ. ಒಳಗೆ ಮಾತ್ರ ಧಾನ್ಯದ ಸದ್ದು, ಬಳೆಯ ಸದ್ದು, ಯೇಸಾಬಾಯಿಯ ಕೆಮ್ಮು. ತೆಗೆಯಲೇ ಎಂದು ಸಾರಂಗ ಕೇಳಿದ್ದಕ್ಕೆ ಧೋಂಡಿಬಾ ಅವನನ್ನು ಹುಚ್ಚನನ್ನು ನೋಡಿದಂತೆ ನೋಡಿದನಂತೆ. ಭಾಗೂಬಾಯಿ ಕಣ್ಣು ಮುಚ್ಚಿ ಕೇಳಿದಳು. ಜೋಳ ಸುರಿದ ಕಡೆಗೆ ಬಂದಾಗ ಅವಳ ಮುಖ ಅರಳಿತು. "ಹೂಂ, ಇವರು ನಮ್ಮವರ. ನೋಡ್ರಿ, ಈಗ ಸುತ್ತು ಹೊಡದ್ರು!"

ಕೊಟ್ಟದ್ದನ್ನು ಸಾರುವವರಿಗೆ ಲೋಕದಲ್ಲಿ ಬರವಿಲ್ಲ. ಪಡೆದದ್ದನ್ನು ಪಡೆದೆನೆಂದು ಬೀದಿಯಲ್ಲಿ ಕುಣಿದು ಹೇಳುವವರು ವಿರಳ. ಅಂಥವರು ಒಂಟಿಯಾಗಿ ಹಾಡುತ್ತೇನೆಂದು ಎಷ್ಟೇ ಹಟ ತೊಟ್ಟರೂ, ಅವರ ದನಿಯೊಳಗೆ ಯಾವ ತಾಯಿಯದೋ ಮೊರ ಬರಿದಾಗುವ ಸದ್ದು ಕೇಳಿಯೇ ಕೇಳುತ್ತದೆ. ಅದರಿಂದಲೇ ಅದು ಅವರ ದನಿಯೆಂದು ಮನೆಯವರು ಗುರುತಿಸುತ್ತಾರೆ.