ದಾಸವಾಳಕ್ಕೆ ತಲೆಕೊಟ್ಟ ಮಾಲೀಕರು

ಸಸ್ಯಶಾಸ್ತ್ರದ ಟೀಚರಾಗಿದ್ದ ದೊಡ್ಡಮ್ಮನಿಗೆ ನಿವೃತ್ತಿಯಾದ ಮೇಲೆ ಉಳಿದ ಒಬ್ಬಳೇ ವಿದ್ಯಾರ್ಥಿನಿ, ಬಾಡಿಗೆ ಮನೆಯ ಗೇಟಿನ ಪಕ್ಕದ ಕೆಂಪು ದಾಸವಾಳ. ಬೀಜ ಕಟ್ಟುವುದೇ ಅಪರೂಪವಾದ ಜಾತಿ. ಗೇಣುದ್ದದ ಕಡ್ಡಿ ನೆಟ್ಟು ಬೆಳೆಸಿದ್ದಳು. ಐದೇ ಎಸಳು, ನಡುವೆ ನಾಲಗೆ ಚಾಚಿದಂಥ ಕೇಸರದ ಕೊಳವೆ, ಅದರ ತುದಿಯಲ್ಲಿ ಮತ್ತೆ ಐದು ಚುಕ್ಕೆ. "ಲೆಕ್ಕ ತಪ್ಪದ ಹೂವು. ದೇವರಿಗೂ ಇಷ್ಟ, ಟೀಚರಿಗೂ ಇಷ್ಟ" ಎನ್ನುತ್ತಿದ್ದಳು.

ಒಂದು ಶನಿವಾರ ಮನೆ ಮಾಲೀಕರು ಗರಗಸ ಹಿಡಿದು ಬಂದರು. ಅವರ ಹೊಸ ಕಾರು ಗೇಟಿನೊಳಗೆ ತಿರುಗುತ್ತಿರಲಿಲ್ಲ.

"ಬೇಜಾರು ಮಾಡ್ಕೋಬೇಡಿ ಟೀಚರಮ್ಮ. ಇದನ್ನ ತೆಗೀಲೇಬೇಕು."

ದೊಡ್ಡಮ್ಮ ಗಿಡ ನೋಡಲಿಲ್ಲ, ಅವರ ತಲೆ ನೋಡಿದಳು. ಹಣೆ ಎಲ್ಲಿ ಮುಗಿಯಿತು, ತಲೆ ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ.

"ತೆಗೀರಪ್ಪ, ನಿಮ್ಮ ಜಾಗ. ಇದರ ಎಲೆ ಅರೆದು ಲೋಳೆ ಹಚ್ಚಿದ್ರೆ ತಲೆಗೆ ತಂಪು, ಕೂದಲಿಗೂ ಒಳ್ಳೇದು ಅಂತಾರೆ. ನಂಗೇನು, ಮೊಳದುದ್ದ ಜಡೆ ಇದೆ."

ಗರಗಸ ಕೆಳಗಿಳಿಯಿತು.

"ಒಂದು ವಾರ ನೋಡ್ತೀನಿ. ಏನೂ ಆಗ್ಲಿಲ್ಲಾಂದ್ರೆ ಗಿಡ ಇರಲ್ಲ."

ಅವರು ಹೋದ ಮೇಲೆ ನಾನು ಕೇಳಿದೆ: "ಬೋಳು ತಲೇಲಿ ಕೂದಲು ಬರುತ್ತಾ ದೊಡ್ಡಮ್ಮ?"

"ಬರುತ್ತೆ ಅಂತ ನಾನೆಲ್ಲಿ ಅಂದೆ? ಕೂದಲಿಗೆ ಒಳ್ಳೇದು ಅಂದೆ. ಇಲ್ಲದ ಕೂದಲಿನ ವಿಷಯ ಅವರು ಕೇಳಲೇ ಇಲ್ಲ."

ಹಾಗೆಂದರೂ ಆ ವಾರ ಅವಳ ಪ್ರಾರ್ಥನೆ ಕೊಂಚ ಉದ್ದವಾಯಿತು.

ಮಾಲೀಕರದು ಅವಸರದ ಜೀವ. ಎಲೆಗಿಂತ ಹೂವಿನಲ್ಲೇ ಸತ್ವ ಜಾಸ್ತಿಯಿರಬೇಕೆಂದು ದಿನಾ ಹತ್ತು ಹೂ ಕಿತ್ತು, ಜಜ್ಜಿ, ನೆತ್ತಿಗೆ ತಿಕ್ಕಿದರು. ಜಜ್ಜಿದ ಎಸಳು ಕಪ್ಪು ಬಣ್ಣ ಬಿಡುತ್ತದೆ. ಹಿಂದೆ ಅದರಿಂದಲೇ ಬೂಟಿಗೆ ಪಾಲಿಶ್ ಮಾಡುತ್ತಿದ್ದರೆಂದು ದೊಡ್ಡಮ್ಮ ಕ್ಲಾಸಿನಲ್ಲಿ ಹೇಳಿದ್ದುಂಟು. ಮಾಲೀಕರು ಆ ಕ್ಲಾಸಿನಲ್ಲಿ ಕೂತವರಲ್ಲ.

ಮುಂದಿನ ಶನಿವಾರ ಗರಗಸ ಮತ್ತೆ ಬಂತು. ಮೊದಲ ಕೊಂಬೆಗೆ ಹಲ್ಲು ತಾಗುವಷ್ಟರಲ್ಲಿ, ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಅವರ ಹೆಂಡತಿ ಕೂಗಿದರು:

"ರೀ! ಅಲ್ಲಾಡ್ಬೇಡಿ! ನೆತ್ತಿ ತುಂಬ ಕಪ್ಪಗೆ ಏನೋ ಬಂದಿದೆ ಕಣ್ರೀ!"

ಮಾಲೀಕರು ತಡವಿಕೊಂಡರು. "ಕೈಗೆ ಸಿಗ್ತಿಲ್ವಲ್ಲೇ?"

"ಎಳೇದು ರೀ! ಉಜ್ಜಿ ಉಜ್ಜಿ ಕೀಳ್ಬೇಡಿ!"

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಇಲ್ಲಿ ನುಣ್ಣನೆಯ ಬೆಟ್ಟವೇ ದೂರದಿಂದ ಕಾಡಾಗಿ ಕಂಡಿತ್ತು. ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೋಡಿದಳು.

ಈಗ ಕಾರು ಬೀದಿಯಲ್ಲಿದೆ, ಗಿಡಕ್ಕೆ ತಂತಿಬೇಲಿಯಿದೆ. ದೇವರ ಪಟಕ್ಕೆ ಹೂ ಬೇಕಾದರೆ ದೊಡ್ಡಮ್ಮ ಮಾಲೀಕರನ್ನೇ ಕೇಳಬೇಕು.

"ಒಂದೇ ತಗೊಳ್ಳಿ ಟೀಚರಮ್ಮ," ಎನ್ನುತ್ತಾರೆ ಅವರು. "ಹಿಂಭಾಗ ಇನ್ನೂ ಬಾಕಿಯಿದೆ."